ಇಡೀ ಜನತೆಗೆ ಒಂದು ಪದಕ
ನಿರಾಶ್ರಿತರಿಗೆ ನೆರವಾದವರಿಗೆ ವಿಶ್ವಸಂಸ್ಥೆ ಕೊಡುವ ನಾನ್ಸೆನ್ ಪದಕ 1986ರಲ್ಲಿ ಕೆನಡಾದ ಜನರಿಗೆ ಸಿಕ್ಕಿತು. ಯಾವ ನಾಯಕರಿಗೂ ಅಲ್ಲ, ಇಡೀ ಜನತೆಗೆ. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ಬಿಟ್ಟು ಬಂದ ಸುಮಾರು 60,000 ನಿರಾಶ್ರಿತರಿಗೆ 1979-80ರಲ್ಲಿ ಈ ದೇಶ ಜಾಗ ಕೊಟ್ಟಿತ್ತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೊಣೆ ಹೊತ್ತಿದ್ದು ಚರ್ಚುಗಳು, ನೆರೆಹೊರೆಯವರು, ಗೆಳೆಯರ ಗುಂಪುಗಳು. ಬಾಡಿಗೆ, ಚಳಿಗೆ ಕೋಟು, ಮಕ್ಕಳ ಶಾಲೆ ಎಲ್ಲ ನೋಡಿಕೊಳ್ಳಬೇಕು. ಗುರುತು ಪರಿಚಯ ಇಲ್ಲದವರಿಗಾಗಿ! ಸುಮ್ನೆ ಮಾತಲ್ಲ ಅಲ್ವಾ?

ಇದೇ ದೇಶ 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಬಂದ ಹೆಚ್ಚಿನ ಪಂಜಾಬಿಗಳನ್ನು ವ್ಯಾಂಕೂವರ್‌ನಿಂದ ವಾಪಸ್ ಕಳಿಸಿತ್ತು. 2016ರಲ್ಲಿ ಪ್ರಧಾನಿ ಸಂಸತ್ತಿನಲ್ಲೇ ಕ್ಷಮೆ ಕೇಳಿದರು.

ಇಲ್ಲಿಗೆ ವಲಸೆ ಬಂದವಳಾಗಿ ನನಗೆ ಈ ದೇಶದ ಬಗ್ಗೆ ಹೆಮ್ಮೆ ಇದೆ. ಅದಕ್ಕೇ, ಬಾಡಿಗೆ ಏರಿದ್ದಕ್ಕೆಲ್ಲ ವಲಸಿಗರನ್ನೇ ದೂರುವುದನ್ನು ಕೇಳಿದಾಗ ಸಂಕಟವಾಗುತ್ತದೆ.