ಮಧ್ಯಾಹ್ನ ಒಂದು ಗಂಟೆಯ ವೋಲ್ಟೇಜ್

ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಮಾಳಿಗೆಯ ಮೇಲಿನ 3 ಕಿಲೊವ್ಯಾಟ್ ಸೋಲಾರ್ ನಡುಮಧ್ಯಾಹ್ನದ ಹೊತ್ತಿಗೇ ಮತ್ತೆ ಮತ್ತೆ ನಿಲ್ಲತೊಡಗಿದಾಗ, ಪ್ಯಾನೆಲ್ ಕಾದಿರಬೇಕೆಂದು ಮೊದಲು ಭಾವಿಸಿದ್ದೆ. ಆದರೆ ಕಾದ ಪ್ಯಾನೆಲ್‌ನ ಉತ್ಪಾದನೆ ಕುಗ್ಗುತ್ತದೆಯೇ ಹೊರತು ಪೂರ್ತಿ ನಿಂತುಹೋಗುವುದಿಲ್ಲ. ಪ್ಯಾನೆಲ್‌ನ ಕರೆಂಟನ್ನು ಲೈನಿಗೆ ಹೊಂದುವಂತೆ ಬದಲಿಸುವ ಇನ್ವರ್ಟರ್ ಮುಂದೆ ನಿಂತು ವೋಲ್ಟೇಜ್ ನೋಡಿದೆ: 249, 251, 253, ಅದನ್ನು ದಾಟಿದೊಡನೆ ಕೆಂಪು ದೀಪ. ಒಂದು ನಿಮಿಷ ಕಾದು ತಾನಾಗಿಯೇ ಲೈನಿಗೆ ಸೇರುವುದು, ಅಂಕಿ ಏರುತ್ತಲೇ ಪುನಃ ಬಿಟ್ಟುಕೊಳ್ಳುವುದು, ಹೀಗೇ ನಡೆದಿತ್ತು.

230 ವೋಲ್ಟಿಗೆ ಶೇ. 10 ಸೇರಿಸಿದರೆ 253. ಅದನ್ನು ಮೀರಿದರೆ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳಬೇಕೆಂಬುದು ನಿಯಮ. ನಮ್ಮ ಮನೆ ಟಿಸಿಯಿಂದ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ, ಬರುವ ಲೈನಿನ ಕೊನೆಯಲ್ಲಿದೆ. ಕೊನೆಯ ಮನೆಗಳಲ್ಲಿ ಸಂಜೆ ದೀಪ ಮಂಕಾಗದಿರಲೆಂದು ಟಿಸಿಯ ಬಳಿ ವೋಲ್ಟೇಜನ್ನು ತುಸು ಹೆಚ್ಚೇ ಇಟ್ಟಿರುತ್ತಾರೆ; ಕರೆಂಟ್ ಟಿಸಿಯಿಂದ ಮನೆಗಳ ಕಡೆಗೆ ಮಾತ್ರ ಹರಿಯುತ್ತಿದ್ದ ಕಾಲಕ್ಕೆ ಅದು ಸರಿಯಾದ ಲೆಕ್ಕವೇ ಆಗಿತ್ತು. ಈಗ ಮಧ್ಯಾಹ್ನ ನಮ್ಮ ಮಾಳಿಗೆಗಳಿಂದ ಕರೆಂಟ್ ಹಿಮ್ಮುಖವಾಗಿ ಹರಿಯುವುದರಿಂದ, ವೋಲ್ಟೇಜ್ ಇಳಿಯಬೇಕಾದ ತುದಿಯಲ್ಲೇ ಏರುತ್ತದೆ.

ನಮ್ಮ ಜಿಲ್ಲೆಯವರಿಗೆ ವಿದ್ಯುತ್ ಎಂದರೆ ಇಂದಿಗೂ ಕೃಷ್ಣೆಯ ದಡದ ಶಕ್ತಿನಗರ, ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದ 8 ಘಟಕಗಳು, 1720 ಮೆಗಾವ್ಯಾಟ್. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನೊಡನೆ ಒಂದಾದದ್ದೂ ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗದ ಮೂಲಕವೇ. ಅಂದಿನಿಂದ 50 ಹರ್ಟ್ಸ್ ಆವರ್ತನ ಇಡೀ ದೇಶಕ್ಕೆ ಒಂದೇ. ಅದರ ಏರಿಳಿತ ಗ್ರಿಡ್ಡನ್ನು ನಿಯಂತ್ರಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದ ಪರದೆಯಲ್ಲಿ ಕ್ಷಣಕ್ಷಣಕ್ಕೂ ಕಾಣುತ್ತದೆ. ವೋಲ್ಟೇಜ್ ಹಾಗಲ್ಲ, ಅದು ಬೀದಿಬೀದಿಗೆ ಬೇರೆ, ಮತ್ತು ನಮ್ಮ ಬೀದಿಯ 253 ಆ ಪರದೆಯವರೆಗೆ ತಲುಪುವುದಿಲ್ಲ. ಮಾಳಿಗೆ ಸೋಲಾರ್‌ಗೆ ಸಹಾಯಧನ ಕೊಡುವಷ್ಟೇ ಆಸಕ್ತಿಯಿಂದ ಟಿಸಿಗಳಿಗೆ ಮೀಟರ್ ಕೂರಿಸಿ ಗಂಟೆಗಂಟೆಯ ವೋಲ್ಟೇಜ್ ದಾಖಲಿಸಬೇಕು, ರಿಯಾಕ್ಟಿವ್ ಪವರ್ (ಕೆಲಸಕ್ಕೆ ಖರ್ಚಾಗದೆ ಲೈನಿನಲ್ಲಿ ಹೋಗಿ ಬರುವ ವಿದ್ಯುತ್) ಹೊಂದಿಸಿ ವೋಲ್ಟೇಜ್ ತಗ್ಗಿಸಬಲ್ಲ ಇನ್ವರ್ಟರ್‌ಗಳಲ್ಲಿ ಆ ಸೌಲಭ್ಯವನ್ನು ಬಳಕೆಗೆ ತರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಆ ದಿನ ಇನ್ವರ್ಟರ್ ಲೈನಿಗೆ ಮರಳಿದ ಕೂಡಲೇ ಸಂಪಿನ ಮೋಟಾರನ್ನೂ ಕೂಲರನ್ನೂ ಒಟ್ಟಿಗೆ ಚಾಲೂ ಮಾಡಿದೆ. ಹೊರಗೆ ಹರಿಯುತ್ತಿದ್ದ ಕರೆಂಟ್ ಅಷ್ಟರಮಟ್ಟಿಗೆ ಮನೆಯಲ್ಲೇ ಖರ್ಚಾಗಿ ಅಂಕಿ 250ಕ್ಕೆ ಇಳಿಯಿತು. ಟ್ಯಾಂಕ್ ತುಂಬುವವರೆಗೂ ಕೆಂಪು ದೀಪ ಹೊತ್ತಲಿಲ್ಲ. ಬೆಳಗಿನ ಆರಕ್ಕೆ ನೀರು ಏರಿಸುವ ರೂಢಿಯನ್ನು ಬಿಟ್ಟು ಈಗ ನಾವೂ ಪಕ್ಕದ ಎರಡು ಮನೆಯವರೂ ಹನ್ನೆರಡರ ನಂತರ ಸರದಿಯಂತೆ ಮೋಟಾರ್ ಹಾಕುತ್ತಿದ್ದೇವೆ.