ಇಷ್ಟುದ್ದ ಕಡಲಿದ್ದೂ ಉಪ್ಪು ಸಾಣಿಕಟ್ಟಾದಲ್ಲೇ ಯಾಕೆ?

ಗೋಕರ್ಣಕ್ಕೆ ಹೋಗಿಬಂದವರು ತಪ್ಪದೆ ಕೇಳುವ ಪ್ರಶ್ನೆ ಇದು. ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣದ ರಸ್ತೆ ಹಿಡಿದರೆ ದಾರಿಯಲ್ಲಿ ಚೌಕ ಚೌಕ ಗದ್ದೆಗಳು, ಕಟ್ಟೆಯ ಮೇಲೆ ಬಿಳಿ ರಾಶಿಗಳು ಕಾಣುತ್ತವೆ. ಅದೇ ಸಾಣಿಕಟ್ಟಾ. ಕಾರವಾರದಿಂದ ಮಂಗಳೂರಿನ ತನಕ ಮುನ್ನೂರು ಕಿಲೋಮೀಟರಿಗೂ ಉದ್ದದ ಕಡಲತೀರ ಇದ್ದರೂ, ಹೇಳಿಕೊಳ್ಳುವಂಥ ಉಪ್ಪಿನಾಗರ ಇರುವುದು ಇಲ್ಲೇ. ಉಳಿದ ಕಡೆಯ ಕಡಲ ನೀರು ಸಪ್ಪೆಯೇ ಎಂದು ತಮಾಷೆ ಮಾಡುವವರೂ ಉಂಟು.

ಮೊದಲು ನೆಲದ ವಿಷಯ. ಉಪ್ಪು ತೆಗೆಯುವವರಿಗೆ ತೆರೆ ಅಪ್ಪಳಿಸುವ ಕಡಲಿನಿಂದ ಏನೂ ಉಪಯೋಗವಿಲ್ಲ. ಮರಳಿನ ದಂಡೆಯಲ್ಲಿ ಗದ್ದೆ ಮಾಡಿ ನೀರು ಕಟ್ಟಿದರೆ ರಾತ್ರಿ ಬೆಳಗಾಗುವುದರೊಳಗೆ ಇಂಗಿಹೋಗುತ್ತದೆ. ಮುರಕಲ್ಲಿನ ಗುಡ್ಡ ನೇರವಾಗಿ ಕಡಲಿಗಿಳಿಯುವ ಕಡೆ ಗದ್ದೆಗೆ ಜಾಗವೇ ಇಲ್ಲ. ಬೇಕಾದದ್ದು ನದಿ ಕಡಲು ಸೇರುವಲ್ಲಿನ ಅಳಿವೆ: ತೆರೆಯ ಹೊಡೆತವಿಲ್ಲದ, ಉಬ್ಬರ ಬಂದಾಗ ತಾನಾಗಿ ನೀರೇರುವ, ಅಂಟು ಜೇಡಿಮಣ್ಣಿನ ಸಪಾಟು ಬಯಲು. ಅಘನಾಶಿನಿ ಕಡಲು ಸೇರುವ ಬಾಯಿ ಕಿರಿದು. ಬಡಗಣ ದಂಡೆಯಲ್ಲಿ ತದಡಿ, ತೆಂಕಣ ದಂಡೆಯಲ್ಲಿ ಅಘನಾಶಿನಿ ಊರು. ಒಳಗೆ ಬಂದರೆ ಅಳಿವೆ ಒಮ್ಮೆಲೇ ಅಗಲವಾಗಿ ಹರಡುತ್ತದೆ. ಸಾಣಿಕಟ್ಟಾ ಇರುವುದು ಆ ಹರವಿನ ಬಡಗಣ ಕೈಯಲ್ಲಿ, ಗೋಕರ್ಣದ ಗುಡ್ಡದ ಬೆನ್ನಿಗೆ. ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ನೀರು ಒಂದೂವರೆ ಮೀಟರಿನ ಆಸುಪಾಸು ಏರುತ್ತದೆ. ಗದ್ದೆಗೆ ನೀರು ತುಂಬಿಸಲು ಅಷ್ಟು ಸಾಕು, ಕಿಂಡಿಯ ಹಲಗೆ ಎತ್ತಿದರಾಯಿತು.

ಇಂಥ ಅಳಿವೆಗಳು ಬೇರೆ ಕಡೆಯೂ ಇವೆಯಲ್ಲ ಎಂಬ ಮರುಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಲೆಕ್ಕದಲ್ಲಿದೆ.

ಸಾವಿರ ಲೀಟರ್ ಕಡಲ ನೀರಿನಲ್ಲಿ ಎಲ್ಲ ಲವಣ ಸೇರಿ ಸುಮಾರು 35 ಕಿಲೋ. ಅದರಲ್ಲಿ ಅಡುಗೆ ಉಪ್ಪು 27 ಕಿಲೋ. ಆದರೆ ಆ ಸಾವಿರ ಲೀಟರ್ ಬತ್ತಿ ಹತ್ತನೇ ಒಂದು ಪಾಲು, ಅಂದರೆ ನೂರು ಲೀಟರ್ ಆಗುವ ತನಕ ಒಂದು ಹರಳೂ ಕೂರುವುದಿಲ್ಲ. ಒಳ್ಳೆಯ ಬಿಸಿಲಿಗೆ ದಿನಕ್ಕೆ ಐದಾರು ಮಿಲಿಮೀಟರ್ ನೀರು ಆರುತ್ತದೆ ಎಂದಿಟ್ಟುಕೊಳ್ಳಿ. ಒಂದು ಚದರ ಮೀಟರಿನಿಂದ 900 ಲೀಟರ್ ಆರಿಸಲು 150ರಿಂದ 180 ದಿನ ಬೇಕು. ಇಲ್ಲಿ ಸಿಗುವುದು ಜನವರಿಯಿಂದ ಮೇ ತನಕದ ನಾಲ್ಕೈದು ತಿಂಗಳು. ಹಾಗಾಗಿ ಉಪ್ಪು ಕೂರುವ ಗದ್ದೆ ಒಂದು ಪಾಲಾದರೆ ನೀರು ಕಾಯಿಸುವ ಗದ್ದೆ ಎಂಟು-ಹತ್ತು ಪಾಲು ಬೇಕು. ಅಷ್ಟು ಸಪಾಟು ಜಾಗ ಒಂದೇ ಕಡೆ ಸಿಗುವ ಅಳಿವೆಗಳು ನಮ್ಮಲ್ಲಿ ಕಡಿಮೆ.

ಇನ್ನು ಅಳಿವೆಯ ನೀರಿಗೆ ಅರ್ಧಕ್ಕರ್ಧ ಸಿಹಿನೀರು ಬೆರೆತಿದ್ದರೆ? ಅಷ್ಟೇ ಉಪ್ಪಿಗೆ ಎರಡು ಪಟ್ಟಿಗೂ ಹೆಚ್ಚು ನೀರು ಆರಬೇಕು, ಅಷ್ಟರಲ್ಲಿ ಮಳೆಗಾಲ ಬಂದು ಕೂತಿರುತ್ತದೆ. ಅಘನಾಶಿನಿಯ ವಿಶೇಷ ಇರುವುದು ಇಲ್ಲೇ, ಅದಕ್ಕೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಹೊಳೆ ಬೇಸಿಗೆಯಲ್ಲಿ ಬಡವಾಗುತ್ತದೆ. ಫೆಬ್ರವರಿಯ ಹೊತ್ತಿಗೆ ಅಳಿವೆಯ ನೀರು ಹೆಚ್ಚುಕಡಿಮೆ ಕಡಲ ನೀರೇ. ಪಕ್ಕದ ಶರಾವತಿ ಹಾಗಲ್ಲ. ಲಿಂಗನಮಕ್ಕಿ, ಗೇರುಸೊಪ್ಪೆಯ ವಿದ್ಯುದಾಗಾರಗಳು ಬೇಸಿಗೆಯಲ್ಲೂ ನೀರು ಬಿಡುವುದರಿಂದ ಹೊನ್ನಾವರದ ಅಳಿವೆ ವರ್ಷವಿಡೀ ಸಪ್ಪೆ. ಅಲ್ಲಿ ಚಿಪ್ಪಿಕಲ್ಲು ಕಡಿಮೆಯಾದದ್ದಕ್ಕೂ ತಜ್ಞರು ಇದನ್ನೇ ಕಾರಣವಾಗಿ ಹೇಳುತ್ತಾರೆ. ಕಾಳಿಗೂ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಹೊಳೆ ‘ವ್ಯರ್ಥವಾಗಿ’ ಕಡಲಿಗೆ ಹರಿಯುತ್ತಿದೆ ಎಂದು ಮರುಗುವವರು ಬೇಸಿಗೆಯಲ್ಲೊಮ್ಮೆ ಎರಡೂ ಅಳಿವೆಗಳ ನೀರನ್ನು ನಾಲಗೆಗೆ ಹಚ್ಚಿ ನೋಡಬೇಕು.

ಈಗ ಕೆಲಸದ ರೀತಿ. ಮಳೆಗಾಲದಲ್ಲಿ ಇಡೀ ಆಗರ ಸಿಹಿನೀರಿನ ಕೆರೆ. ಮಳೆ ನಿಂತ ಮೇಲೆ ಇಳಿತದ ಹೊತ್ತಿಗೆ ಕಿಂಡಿ ತೆರೆದು ನೀರು ಹೊರಗೆ ಬಿಡುತ್ತಾರೆ, ಪಾಚಿ ಮತ್ತು ಲೋಳೆಗೆಸರು ತೆಗೆಯುತ್ತಾರೆ, ಏಡಿ ತೂತು ಮಾಡಿದ ಕಟ್ಟೆಗಳನ್ನು ಮುಚ್ಚುತ್ತಾರೆ. ಆಮೇಲೆ ಉಪ್ಪಿನ ಗದ್ದೆಯ ತಳವನ್ನು ತುಳಿದು, ಬಡಿದು, ಒಣಗಿಸಿ, ಮತ್ತೆ ತುಳಿದು ಸಿಮೆಂಟಿನಂತೆ ಮಾಡಬೇಕು. ಇಡೀ ವರ್ಷದ ಉಪ್ಪಿನ ಬಣ್ಣ ನಿರ್ಧಾರವಾಗುವುದು ಈ ತುಳಿತದಲ್ಲಿ. ತಳ ಮೆತ್ತಗಿದ್ದರೆ ಉಪ್ಪು ಬಾಚುವಾಗ ಮಣ್ಣೂ ಜೊತೆಗೆ ಬರುತ್ತದೆ.

ದೊಡ್ಡ ಉಬ್ಬರದ ನೀರನ್ನು ಮೊದಲು ಆಳದ ಗದ್ದೆಯಲ್ಲಿ ನಿಲ್ಲಿಸಿ ಹೂಳು ತಳಕ್ಕಿಳಿಯಲು ಬಿಡಬೇಕು. ಅಲ್ಲಿಂದ ತೆಳುಗದ್ದೆಗಳಿಗೆ ಒಂದಾದ ಮೇಲೊಂದರಂತೆ ಹಾಯಿಸಬೇಕು. ನೀರಿನ ಗಟ್ಟಿತನ ಅಳೆಯಲು ಗಾಜಿನ ಬೋಮೆ ಮಾಪಕವಿದೆ. ಕಡಲ ನೀರಿಗೆ ಅದು 3 ಡಿಗ್ರಿ ದಾಟಿ ತೋರಿಸುತ್ತದೆ. 13-15ರ ಹೊತ್ತಿಗೆ ಜಿಪ್ಸಂ ಕೂರಲು ಶುರು, ಬರಿಗಾಲಿಗೆ ಚುಚ್ಚುವ ಹೆಪ್ಪಳಿಕೆ ಅದು. ಅದನ್ನು ಕಾಯಿಸುವ ಗದ್ದೆಯಲ್ಲೇ ಕಳೆದುಕೊಳ್ಳಬೇಕು. 24 ದಾಟಿದ ನೀರನ್ನು ಕೊನೆಯ ಗದ್ದೆಗೆ ನಾಲ್ಕೈದು ಬೆರಳು ಆಳಕ್ಕೆ ಬಿಟ್ಟರೆ 25-26ರಲ್ಲಿ ಉಪ್ಪು ಹುಟ್ಟುತ್ತದೆ.

ಹುಟ್ಟುವ ಗಳಿಗೆ ನೋಡಲು ಗದ್ದೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಮಟಮಟ ಮಧ್ಯಾಹ್ನ, ಗಾಳಿ ನಿಂತಾಗ, ನೀರಿನ ಮೈಮೇಲೆ ಹಾಲಿನ ಕೆನೆಯಂಥ ಪೊರೆ. ಹತ್ತಿರದಿಂದ ನೋಡಿದರೆ ಅದು ಸಾಸಿವೆಗಾತ್ರದ ಚೌಕಗಳು. ಪ್ರತಿ ಚೌಕದ ನಡುವೆ ಗುಳಿ, ತಲೆಕೆಳಗು ಮಾಡಿದ ಗೋಪುರದ ಹಾಗೆ. ಅಂಚಿನಲ್ಲಿ ಬೆಳೆಯುತ್ತ ಭಾರವಾಗಿ, ಸಂಜೆಗಾಳಿ ಸೋಕಿದ್ದೇ ಮುಳುಗುತ್ತವೆ. ತಳದಲ್ಲಿ ಕೂತ ಮೇಲೆ ದಪ್ಪವಾಗಿ ಕಲ್ಲುಪ್ಪಾಗುತ್ತವೆ. ಉದ್ದ ಹಿಡಿಯ ಮರದ ಹಲಗೆಯಿಂದ ಅದನ್ನು ಕಟ್ಟೆಯ ಕಡೆಗೆ ಎಳೆಯುತ್ತಾರೆ. ಹಲಗೆ ಒಂದು ನೂಲು ಕೆಳಗೆ ಒತ್ತಿದರೆ ಉಪ್ಪು ಕಂದು, ಒಂದು ನೂಲು ಮೇಲೆ ಹಿಡಿದರೆ ಅರ್ಧ ಉಪ್ಪು ಗದ್ದೆಯಲ್ಲೇ.

ಎಡವುವುದು ಎರಡು ಕಡೆ. ಒಂದು ಆಸೆ. ನೀರು 29 ಡಿಗ್ರಿ ಮುಟ್ಟಿದ ಮೇಲೂ ‘ಇನ್ನೂ ನಾಲ್ಕು ಬುಟ್ಟಿ ಬರಲಿ’ ಎಂದು ಬಿಟ್ಟರೆ ಮೆಗ್ನೀಷಿಯಂ ಲವಣಗಳೂ ಕೂರುತ್ತವೆ, ಉಪ್ಪು ಕಹಿಯಾಗಿ ಸದಾ ಒಸರುತ್ತದೆ. ಆ ಕಹಿನೀರನ್ನು ಹೊರಹಾಕಿ ಹೊಸ ನೀರು ಬಿಡಬೇಕು. ಎಳೆದ ಉಪ್ಪನ್ನು ಕೂಡಲೇ ಚೀಲಕ್ಕೆ ತುಂಬದೆ ರಾಶಿ ಹಾಕಿ ಸೋರಲು ಬಿಡುವುದೂ ಅದಕ್ಕೇ.

ಇನ್ನೊಂದು ಏಪ್ರಿಲ್-ಮೇ ತಿಂಗಳ ಅಡ್ಡಮಳೆ. ಒಂದೇ ಅಂಗುಲ ಮಳೆ ಬಿತ್ತೆನ್ನಿ, ಚದರ ಮೀಟರಿಗೆ 25 ಲೀಟರ್ ಸಿಹಿನೀರು. ನೂರು ಲೀಟರ್ ಸಿಹಿನೀರು 36 ಕಿಲೋ ಉಪ್ಪನ್ನು ಕರಗಿಸಬಲ್ಲದು. ಆ ಲೆಕ್ಕಕ್ಕೆ ಪ್ರತಿ ಚದರ ಮೀಟರಿನಲ್ಲಿ 9 ಕಿಲೋ ತನಕ ಉಪ್ಪು ಒಂದು ರಾತ್ರಿಯಲ್ಲಿ ಮಾಯ. ಮತ್ತೆ ಮೊದಲಿನ ಗಟ್ಟಿತನಕ್ಕೆ ಬರಲು ವಾರ ಹಿಡಿಯುತ್ತದೆ. ಮಳೆಗಾಲದಲ್ಲಿ 3,000 ಮಿಲಿಮೀಟರ್ ದಾಟುವ ಊರಿನಲ್ಲಿ ಉಪ್ಪು ತೆಗೆಯುವುದೇ ಒಂದು ಹಟ. ಕಛ್‌ನಂಥ ಒಣ ನಾಡಿನ ಜೊತೆ ದರದಲ್ಲಿ ಪೈಪೋಟಿ ಮಾಡಲು ಸಾಣಿಕಟ್ಟಾಕ್ಕೆ ಆಗದಿರುವುದಕ್ಕೆ ಮುಖ್ಯ ಕಾರಣ ಈ ಆಕಾಶ.

ಭೂಗೋಳ ಇಷ್ಟು. ಆದರೆ ಹಿಂದೆಯೂ ಹೀಗೇ ಇತ್ತೇ? ಕುಂದಾಪುರದ ಅಳಿವೆಯ ನಡುವೆ ಉಪ್ಪಿನಕುದ್ರು ಇದೆ, ಉಡುಪಿಯ ಹತ್ತಿರ ಉಪ್ಪೂರು ಇದೆ. ಬರೀ ಹೆಸರು ನೋಡಿ ತೀರ್ಪು ಕೊಡಬಾರದು, ಆದರೂ ಉಪ್ಪು ಒಂದೇ ಊರಿನ ಸೊತ್ತಾಗಿರಲಿಲ್ಲ ಅನ್ನಿಸುತ್ತದೆ. ‘ಆಗರ’ದಿಂದಲೇ ಹೆಸರು ಪಡೆದ ಆಗೇರ ಸಮುದಾಯ ಕುಮಟಾ, ಅಂಕೋಲಾ ಕಡೆ ತಲೆಮಾರುಗಳಿಂದ ಈ ಕಸುಬು ಮಾಡಿಕೊಂಡು ಬಂದಿದೆ. ಗೋವೆಯ ಉಪ್ಪೂ ಕಡಲ ದಾರಿಯಲ್ಲಿ ಬರುತ್ತಿತ್ತು, ಎತ್ತಿನ ಹೇರಿನ ಮೇಲೆ ಘಟ್ಟ ಹತ್ತುತ್ತಿತ್ತು. ಕಂಪನಿ ಸರಕಾರ ಮದ್ರಾಸ್ ಪ್ರಾಂತ್ಯದಲ್ಲಿ 1805ರಲ್ಲಿ ಉಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಕೆನರಾ ಆಗ ಮದ್ರಾಸಿನದು, ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1878ರ ಪೋರ್ಚುಗೀಸ್ ಒಪ್ಪಂದದಿಂದ ಗೋವೆಯ ಉಪ್ಪಿನ ಮೇಲೂ ಬ್ರಿಟಿಷರ ಹಿಡಿತ ಬಿತ್ತು. ತೆರಿಗೆಗಾಗಿ ಉಪ್ಪು ಕಾಯುವ ಸರಕಾರಕ್ಕೆ ಹತ್ತು ಕಡೆ ಚದುರಿದ ಸಣ್ಣ ಆಗರಗಳು ತಲೆನೋವು, ಪಹರೆ ಇಡಬಹುದಾದ ಒಂದು ದೊಡ್ಡ ಆಗರ ಅನುಕೂಲ. ಆದ್ದರಿಂದ ‘ಸಾಣಿಕಟ್ಟಾದಲ್ಲೇ ಯಾಕೆ’ ಎಂಬುದರ ಅರ್ಧ ಉತ್ತರ ಮಣ್ಣಿನಲ್ಲಿದ್ದರೆ ಉಳಿದರ್ಧ ಸುಂಕದ ಕಟ್ಟೆಯಲ್ಲಿದೆ ಎಂದೇ ನನ್ನ ಅಭಿಪ್ರಾಯ. 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯಿದೆ ಮುರಿದಾಗ ಅವರಿಗೆ ಉಪ್ಪು ಮಾಡುವುದು ಹೇಗೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕರ 1947ರಲ್ಲಿ ಹೋಯಿತು. 1952ರಲ್ಲಿ ಇಲ್ಲಿನ ಗದ್ದೆ ಮಾಲಕರು ಸೇರಿ ನಾಗರಬೈಲ ಉಪ್ಪಿನ ಮಾಲಕರ ಸಹಕಾರಿ ಸಂಘ ಕಟ್ಟಿಕೊಂಡರು. ಚೂರುಚೂರು ಹಿಡುವಳಿಗಳಿಗೆ ಒಂದೇ ಹೊರಗಟ್ಟೆ, ಒಂದೇ ಕಿಂಡಿ, ಒಂದೇ ಮಾರಾಟ ಎಂಬ ವ್ಯವಸ್ಥೆ ಇಲ್ಲದಿದ್ದರೆ ಈ ಕಸುಬು ಎಂದೋ ನಿಂತುಹೋಗುತ್ತಿತ್ತು.

ಬಣ್ಣದ ಬಗ್ಗೆಯೂ ಕೇಳುತ್ತಾರೆ. ಕಂದು ಛಾಯೆ ಅಳಿವೆಯ ಜೇಡಿಯದು, ಕಲಬೆರಕೆ ಅಲ್ಲ. ಮಲೆನಾಡಿನವರು ಮಿಡಿ ಉಪ್ಪಿನಕಾಯಿಗೆ ಕಲ್ಲುಪ್ಪೇ ಬೇಕೆನ್ನುವುದು ಹರಳಿಗಾಗಿ. ದಪ್ಪ ಹರಳು ನಿಧಾನ ಕರಗಿ ಮಿಡಿಯ ನೀರನ್ನು ಮೆಲ್ಲಗೆ ಹೊರಗೆಳೆಯುತ್ತದೆ. ದಿನದ ಅಡುಗೆಗೆ ಮಾತ್ರ ಅಯೋಡಿನ್ ಬೆರೆಸಿದ್ದೇ ಕೊಳ್ಳಿ. ಟನ್ನಿಗೆ 50 ಗ್ರಾಂ ಪೊಟ್ಯಾಷಿಯಂ ಅಯೊಡೇಟ್ ಸಿಂಪಡಿಸಿದರೆ 30 ಪಿಪಿಎಂ (ಹತ್ತು ಲಕ್ಷ ಪಾಲಿಗೆ 30 ಪಾಲು) ಅಯೋಡಿನ್ ಸಿಗುತ್ತದೆ, ರುಚಿ ಬದಲಾಗುವುದಿಲ್ಲ. ಬೆರೆಸದ ಉಪ್ಪು ತೆಂಗಿನ ಬುಡಕ್ಕೆ, ಒಣಮೀನಿಗೆ ಸರಿ.

ನೋಡಲು ಬರುವುದಾದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಬೆಳಿಗ್ಗೆ ಬೇಗ ಅಥವಾ ನಾಲ್ಕರ ಮೇಲೆ ಬನ್ನಿ. ಕಟ್ಟೆಯ ಮೇಲಷ್ಟೇ ನಡೆಯಿರಿ. ಫೋಟೋಗೆಂದು ಗದ್ದೆಗಿಳಿದರೆ ತುಳಿದು ಬಡಿದು ಕೂರಿಸಿದ ತಳ ಒಡೆಯುತ್ತದೆ, ಆ ಹೆಜ್ಜೆಯ ಗುಂಡಿಯಲ್ಲಿ ಮುಂದಿನ ಮಳೆಗಾಲದ ತನಕ ಕೆಸರುಪ್ಪು ಬರುತ್ತಿರುತ್ತದೆ.