ಪಣಜಿ ಪ್ಯಾಟಿಗೆ ಮಾಲ್ ಬ್ಯಾಡ್ರಿ
ಪಣಜಿ 18 ಜೂನ್ ರೋಡಿನಾಗ ಸಂಜಿಮುಂದ ಅಡ್ಡಾಡಿದ್ರ ಗೋಡಂಬಿ ಅಂಗಡಿ ಮುಂದ ಟೂರಿಸ್ಟ್ ಮಂದಿ ಚೀಲ ಹಿಡ್ಕೊಂಡು ನಿಂತಿರ್ತಾರ, ಆದ್ರ ಪಕ್ಕದ ಗಲ್ಲಿಗೆ ಹೊಳ್ಳಿದ್ರಿ ಅಂದ್ರ ಅಲ್ಲಲ್ಲಿ ಶಟರ್ ಎಳದಿದ್ದು, ಅದರ ಮ್ಯಾಲೆ 'ಬಾಡಿಗಿಗೈತಿ' ಬೋರ್ಡು. ಇಲ್ಲೂ ಒಂದು ಮಾಲ್ ಬರ್ಲಿ ಅಂತಾರ ನಮ್ಮ ದೋಸ್ತರು. ನಾ ಒಪ್ಪಂಗಿಲ್ಲ.

ಮಂದಿ ಬರಾಕ ಕಾರಣ ಬೇಕ್ರಿ, ಅದಿದ್ರ ಅಂಗಡಿ ತಾವ ಬರ್ತಾವ. 2004ರಿಂದ ಇಫ್ಫಿ, ಅಂದ್ರ ಭಾರತದ ಅಂತರರಾಷ್ಟ್ರೀಯ ಸಿನಿಮಾ ಫೆಸ್ಟಿವಲ್, ಇಲ್ಲೇ ನಡೀತೈತಿ, ಹಳೇ ಮೆಡಿಕಲ್ ಕಾಲೇಜ್ ಬಿಲ್ಡಿಂಗ್ ಕೆಡವದ ಉಳಿಸ್ಕೊಂಡು ಅದಕ್ಕ ಬಳಸಾಕತ್ತಾರ, ಫೆಸ್ಟಿವಲ್ ಟೈಮಿನ್ಯಾಗ ಆ ಕಡಿ ಚಹಾ ಮಾರಾಂವಗ ಮಾತಾಡಾಕೂ ಪುರುಸೊತ್ತಿರಂಗಿಲ್ಲ. ಮಳಿಗಾಲದಾಗ? ಅವನ ನೊಣ ಹೊಡೀತಿರ್ತಾನ.

ಗೋವಾದ ಇನ್ನೊಂದು ಊರು ಮಾಪ್ಸಾ ನೋಡ್ರಿ ಬೇಕಾರ. ಶುಕ್ರವಾರದ ಸಂತಿ, ಹಬ್ಬ ಇರ್ಲಿ ಬಿಡ್ಲಿ ವಾರಾವಾರಾ ಕೂಡ್ತೈತಿ, ಚೌರಿಸ್ ಅನ್ನೂ ಹಂದಿ ಮಾಂಸದ ಸಾಸೇಜಿನ ಮಾಲಿ, ಮಣ್ಣಿನ ಗಡಿಗಿ, ಒಣಮೀನ, ಬೆಳಗಾವಿ ಕಾಯಿಪಲ್ಯ, ಚೌಕಾಸಿ ಕೊಂಕಣಿ ಮರಾಠಿ ಜೊತಿಗೆ ನಮ್ಮ ಭಾಷಾದಾಗೂ ಜೋರ ನಡೀತೈತಿ (ರೇಟು ಮಾತ್ರ ನಮ್ಮವ್ರಂತ ಇಳಿಸಂಗಿಲ್ಲ ಬಿಡ್ರಿ). ಸಂತಿಗೆ ಬಂದವ್ರು ಸುತ್ತಲಿನ ಪಕ್ಕಾ ಅಂಗಡಿಗೂ ಹೊಕ್ಕು ಹೋಗ್ತಾರ.

ಪಣಜಿ ಅಂಗಡಿ ಮಾಲಕರಿಗೆ ನನ್ನ ಮಾತು ಇಷ್ಟ: ಖಾಲಿ ಇಡೂದಕ್ಕಿಂತ ಮೂರ್ನಾಲ್ಕು ತಿಂಗ್ಳಿಗೆ, ಡಿಪಾಸಿಟ್ ಕಮ್ಮಿ ಮಾಡಿ, ಸಣ್ಣ ಬೇಕರಿಯವ್ರಿಗೋ ಟೇಲರಿಗೋ ಕೊಟ್ಟು ನೋಡ್ರಿ, ಗಿರಾಕಿ ಹತ್ತಿದ ಮ್ಯಾಲೆ ಬಾಡಿಗಿ ಏರಿಸ್ರಿ, ಯಾರ ಬ್ಯಾಡಂತಾರ?